ಹಲ್ಲು ಕಟ್ಟುವವಳು

ನನ್ನ ಗಂಡ ಹಲ್ಲು ಕಟ್ಟುತ್ತಿದ್ದರು. ಡಾಕ್ಟರಲ್ಲ. ಹಲ್ಲು ಹೋದವರ ಬಾಯಿಯ ಅಚ್ಚು ತೆಗೆದು, ಮೇಣದ ಮೇಲೆ ಒಂದೊಂದೇ ಹಲ್ಲು ಕೂರಿಸಿ ಸೆಟ್ಟು ಮಾಡಿ ಕೊಡುತ್ತಿದ್ದರು. ಅವರು ತೀರಿಕೊಂಡು ಹತ್ತು ತಿಂಗಳಾಯಿತು. ಬರೆಯುತ್ತಿರುವುದು ಅವರ ಬಗ್ಗೆಯಲ್ಲ. ಅವರ ಅಂಗಡಿಯಲ್ಲಿ ಪರದೆಯ ಹಿಂದೆ ಕೂರುತ್ತಿದ್ದವಳ ಬಗ್ಗೆ. ನನಗೆ ಇಷ್ಟವಿಲ್ಲ. ಆದರೂ ಬರೆಯಬೇಕು.

ಅವಳು ಕಾಲುವೆ ಆಚೆಯವಳು. ನಮ್ಮ ಬೀದಿಯಲ್ಲಿ ಅಷ್ಟು ಹೇಳಿದರೆ ಸಾಕು, ಜನ ಕೈಚೀಲ ಹತ್ತಿರ ಎಳೆದುಕೊಳ್ಳುತ್ತಾರೆ. ನಾನೂ ಎಳೆದುಕೊಂಡವಳೇ. ಚಿಕ್ಕಂದಿನಿಂದ ಮೇಣದಬತ್ತಿ ಮಾಡುವ ಕಡೆ ಕೂಲಿಗಿದ್ದಳು. ಇಪ್ಪತ್ತಕ್ಕೆ ನಮ್ಮ ಅಂಗಡಿ ಗುಡಿಸಲು ಬಂದಳು. ಒಂದು ದಿನ ಇವರು ಕೂರಿಸಿದ ಸಾಲು ಸೊಟ್ಟಗಿತ್ತು. ಅವಳು ಪೊರಕೆ ಕೆಳಗಿಟ್ಟು, ಮೇಣ ಬೆಚ್ಚಗೆ ಮಾಡಿ, ಎರಡು ಬೆರಳಲ್ಲಿ ನೆಟ್ಟಗೆ ಮಾಡಿದಳಂತೆ. ಮಾರನೇ ದಿನದಿಂದ ಆ ಪೊರಕೆ ನನ್ನ ಕೈಗೆ ಬಂತು.

ಮೂವತ್ತು ವರ್ಷ ನನ್ನನ್ನು “ಏ, ಇವಳೇ” ಎಂದವರು ಅವಳನ್ನು “ತಂಗಿ” ಎನ್ನುತ್ತಿದ್ದರು. ಊಟಕ್ಕೆ ಕೂತರೂ ಅವಳದೇ ಮಾತು.

“ಆ ಹುಡುಗಿ ಬೆರಳು ಇದೆಯಲ್ಲ...”

“ಆ ಬೆರಳನ್ನೇ ಕಟ್ಕೋಬೇಕಿತ್ತು ನೀವು” ಎನ್ನುತ್ತಿದ್ದೆ. ಅವರು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ಕೊನೆಯ ಆರು ವರ್ಷ ಅವರ ಕೈ ನಡುಗುತ್ತಿತ್ತು. ಅಂಗಿಯ ಗುಂಡಿ ನಾನೇ ಹಾಕುತ್ತಿದ್ದೆ. ಗುಂಡಿ ಹಾಕಲಾಗದ ಕೈ ಅಷ್ಟು ಸಣ್ಣ ಹಲ್ಲು ಹೇಗೆ ಕೂರಿಸುತ್ತದೆ ಎಂದು ಕೇಳಲಿಲ್ಲ. ಗೊತ್ತಿತ್ತು. ಕೇಳಲಿಲ್ಲ. ಬೀದಿಯೆಲ್ಲ ಅವರ ಕೈಯನ್ನು ಹೊಗಳುತ್ತಿತ್ತು.

ಅವರು ಹೋದ ಮೇಲೆ ಹೊಸ ಕೆಲಸ ಬರಲಿಲ್ಲ. “ಈ ತಿಂಗಳು ನೋಡ್ತೀನಿ ಅತ್ತಿಗೆ. ಆಮೇಲೆ ಬತ್ತಿ ಕೆಲಸಕ್ಕೇ ಹೋಗ್ತೀನಿ” ಎಂದಳು. ಹೋಗಲಿ ಎಂದೇ ನನ್ನ ಮನಸ್ಸಿನಲ್ಲಿತ್ತು. ಅವಳು ಹೋದರೆ ಅವರ ಹೆಸರು ಅವರದಾಗಿಯೇ ಉಳಿಯುತ್ತಿತ್ತು.

ಆಗ ದಿನಸಿ ಅಂಗಡಿಯ ಯಜಮಾನರು ಬಂದರು. ನಾಲ್ಕು ವರ್ಷದ ಹಿಂದೆ ನಮ್ಮಲ್ಲೇ ಹಲ್ಲು ಕಟ್ಟಿಸಿಕೊಂಡವರು.

“ನಮ್ಮನೆಯವಳಿಗೂ ಒಂದು ಸೆಟ್ಟು ಬೇಕಿತ್ತು. ಆದ್ರೆ ನಿಮ್ಮವರ ಕೈ ಇನ್ನೆಲ್ಲಿ ಸಿಗುತ್ತಮ್ಮ?”

ಪರದೆ ಸರಿಸಿ ಅವಳು ಬಂದಳು. “ನಾನು ಕಟ್ಟಿಕೊಡ್ತೀನಣ್ಣ.”

“ನೀನಾ? ಅದಕ್ಕಿಂತ ಅವಳು ಬೊಚ್ಚುಬಾಯಲ್ಲೇ ಇರ್ತಾಳೆ ಬಿಡು.” ನನ್ನ ಕಡೆ ತಿರುಗಿದರು. “ಈ ಕಳ್ಳರನ್ನ ಇನ್ನೂ ಒಳಗಿಟ್ಕೊಂಡಿದ್ದೀರಾ?”

ಕಳ್ಳರು. ಆರು ವರ್ಷ ಅವಳ ಕೆಲಸಕ್ಕೆ ನಮ್ಮ ಹೆಸರು ಹಾಕಿಕೊಂಡು ಉಂಡವರು ನಾವು.

“ನಿಮ್ಮ ಬಾಯಲ್ಲಿರೋದು ಇವಳು ಕಟ್ಟಿದ್ದೇ” ಎಂದೆ.

“ಯಾವುದು?”

“ಹಲ್ಲು. ಈಗ ಬೈದ್ರಲ್ಲ, ಅದೇ ಹಲ್ಲಲ್ಲಿ.”

ಅವರು ನಾಲಿಗೆಯಿಂದ ಹಲ್ಲು ತಡವಿಕೊಂಡರು. “ನಿಮ್ಮೆಜಮಾನ್ರು ತಾವೇ ಕಟ್ಟಿದ್ದು ಅಂದಿದ್ರು” ಎಂದರು.

“ಸುಳ್ಳು ಹೇಳಿದ್ರು. ನಿಮ್ಮಂಥವರಿಗೆ ಹೆದರಿ.”

ಗಂಡನನ್ನು ಸುಳ್ಳುಗಾರ ಎಂದೆ, ಅದೂ ಅವಳ ಮುಂದೆ. ಮನೆಗೆ ಹೋಗಿ ಅತ್ತೆ.

ಯಜಮಾನರು ಮೂರು ದಿನ ಹಲ್ಲು ತೆಗೆದಿಟ್ಟರಂತೆ. ನಾಲ್ಕನೇ ದಿನ ಹಸಿವು ಗೆದ್ದಿತು. ಐದನೇ ದಿನ ಹೆಂಡತಿಯ ಜೊತೆ ಬಂದರು. ಇವಳು ತೊಳೆದ ಕೈಯನ್ನೇ ಮತ್ತೆ ತೊಳೆದಳು.

“ಸಾಕು ಬಿಡಮ್ಮ, ಚರ್ಮ ಕಿತ್ತು ಬಂದೀತು” ಎಂದರು ಆ ಹೆಂಗಸು. “ನನಗೆ ಮಾತ್ರ ಇವರ ಥರ ಕುದುರೆ ಹಲ್ಲು ಬೇಡ.” ಬಾಯಿ ತೆರೆದರು.

ಪರದೆ ಬಿಚ್ಚಿ ಮಡಿಸಿಟ್ಟೆ. ಕೆಲವರು ಬರುವುದು ಬಿಟ್ಟರು. ಅವರು ಎದುರು ಸಿಕ್ಕರೆ ಮುಖ ತಿರುಗಿಸುತ್ತಾರೆ. ಮಿಕ್ಕವರು ಬರುತ್ತಾರೆ, ಅವಳ ಕೈಯನ್ನು ಹೊಗಳುತ್ತಾರೆ. ನನ್ನ ಗಂಡನ ಮಾತು ಈಗ ಯಾರೂ ಎತ್ತುವುದಿಲ್ಲ. ಬಾಗಿಲಲ್ಲಿ ಕೂತು ಕೇಳಿಸಿಕೊಳ್ಳುತ್ತೇನೆ. ಹೊಟ್ಟೆ ಉರಿಯುತ್ತದೆ, ಇಲ್ಲ ಎನ್ನುವುದಿಲ್ಲ.

ನಿನ್ನೆ ಒಬ್ಬರು, “ಯಾರಮ್ಮ ನಿನಗೆ ಈ ಕೆಲಸ ಕಲಿಸಿದ್ದು?” ಎಂದು ಅವಳನ್ನು ಕೇಳಿದರು.

ಅವಳು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ, “ನನ್ನ ಗಂಡ.”