ನೀತಿ ಇಲ್ಲದ ಹನ್ನೆರಡು ಪುಸ್ತಕ

ಕೆಂಗೇರಿಯ ಆ ಶಾಲೆಗೆ ಅನಂತಲಕ್ಷ್ಮಿಯಂಥ ಜಗಮೊಂಡಿ ಟೀಚರಮ್ಮ ಮುಂಚೆಯೂ ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ದಿನಾ ಬೆಂಗಳೂರಿನಿಂದ ರೈಲಿನಲ್ಲಿ ಬರುವಾಕೆ. ರೈಲು ತಡವಾದರೆ ಸ್ಟೇಷನ್ ಮಾಸ್ತರನ್ನೇ ದಬಾಯಿಸುವಾಕೆ. ಕೋಪ ಮೂಗಿನ ತುದಿಯಲ್ಲಿ. ಆದರೆ ಮಕ್ಕಳ ಮೇಲೆ ಒಂದು ದಿನವೂ ಕೈ ಎತ್ತಿದವಳಲ್ಲ, ಆ ಮಾತನ್ನೂ ಹೇಳಬೇಕು.

೧೯೫೪ರಲ್ಲಿ ಶಾಲೆಗೆ ಮಕ್ಕಳ ಪುಸ್ತಕ ಆರಿಸಿ ತರುವ ಕೆಲಸ ಆಕೆಯ ಪಾಲಿಗೆ ಬಂತು. ಚಿಕ್ಕಪೇಟೆಯ ಅಂಗಡಿಯಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ನಿಂತೇ ಓದಿದಳು.

"ಕೊಳ್ತೀರೋ, ಇಲ್ಲೇ ಓದಿ ಮುಗಿಸ್ತೀರೋ?" ಎಂದ ಅಂಗಡಿಯವನು.

"ಆಕಳಿಕೆ ತರಿಸಿದ್ದನ್ನೆಲ್ಲಾ ಆ ಕಡೆ ಇಟ್ಟಿದೀನಿ, ನೋಡಿ. ಅವು ಬೇಡ."

ಆ ಕಡೆಯ ರಾಶಿಯೇ ದೊಡ್ಡದು. ಆರಿಸಿ ತಂದದ್ದು ಹನ್ನೆರಡು. ದೆವ್ವದ ಕಥೆ, ಕಳ್ಳನ ಕಥೆ, ಹಠಮಾರಿ ಕೋತಿಯ ಕಥೆ, ಇಂಥವೇ.

ಹೆಡ್‌ಮಾಸ್ತರು ವೆಂಕಟರಮಣಪ್ಪನವರಿಗೆ ಒಂದು ಅಭ್ಯಾಸ. ಯಾವ ಪುಸ್ತಕ ಕೊಟ್ಟರೂ ನೇರ ಕೊನೆಯ ಪುಟಕ್ಕೆ ಹೋಗುವರು. ಅಲ್ಲಿ 'ನೀತಿ' ಎಂದು ದಪ್ಪಕ್ಷರದಲ್ಲಿ ಇದ್ದರೆ ಪುಸ್ತಕ ಪಾಸು. ಈ ಹನ್ನೆರಡರಲ್ಲಿ ಒಂದರಲ್ಲೂ ಇರಲಿಲ್ಲ.

"ಏನಮ್ಮಾ ಇದು, ಒಂದಕ್ಕೂ ನೀತಿ ಇಲ್ವಲ್ಲ! ಅಂಗಡಿಗೆ ವಾಪಸ್ ಕೊಡಿ. ಇಲ್ಲಾ, ನೀವೇ ಒಂದೊಂದು ನೀತಿ ಬರೆದು ಅಂಟಿಸಿ."

"ಬರೆಯೋದೂ ಇಲ್ಲ, ವಾಪಸ್ ಕೊಡೋದೂ ಇಲ್ಲ ಸಾರ್." ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದಳು.

"ಹಾಗಾದ್ರೆ ಶನಿವಾರ ನಾನೇ ಕಟ್ಟಿಸಿ ಕಳಿಸ್ತೀನಿ," ಎಂದರು ಅವರು.

ಅವತ್ತು ಸೋಮವಾರ. ಅನಂತಲಕ್ಷ್ಮಿ ನೆಟ್ಟಗೆ ನಾಲ್ಕನೇ ಕ್ಲಾಸಿಗೆ ಹೋಗಿ ಹನ್ನೆರಡನ್ನೂ ಹಂಚಿಬಿಟ್ಟಳು. "ಓದಿ. ಮುಗಿದ ಮೇಲೆ ನಿಮಗೆ ಏನನ್ನಿಸ್ತೋ ಅದನ್ನ ಒಂದು ಚೀಟೀಲಿ ಬರೆದು ಕೊನೇ ಪುಟದಲ್ಲಿಡಿ. ನನ್ನ ಕೇಳಬೇಡಿ."

ದೆವ್ವದ ಪುಸ್ತಕ ಬೋರಮ್ಮನಿಗೆ ಸಿಕ್ಕಿತು. ಅಕ್ಷರ ಬಲ್ಲಳು, ಓದು ಒಲ್ಲಳು, ಅಂಥ ಹುಡುಗಿ. ಪಕ್ಕದವಳು ಓದಿದ ಪಾಠ ಕೇಳಿ ಬಾಯಿಪಾಠ ಒಪ್ಪಿಸುವಳು. "ಅದಕ್ಕೆ ಓದು ಹತ್ತಲ್ಲ ಬಿಡಿ" ಎಂದು ಹೆಡ್‌ಮಾಸ್ತರು ಎಂದೋ ಕೈಬಿಟ್ಟಿದ್ದರು. ಬುಧವಾರ ಮನೆಗೆ ಹೋಗುವ ಗಂಟೆ ಹೊಡೆದರೂ ಅವಳು ಕೂತಲ್ಲಿಂದ ಏಳಲಿಲ್ಲ, ಬೆರಳು ಸಾಲಿನ ಮೇಲೆ ತೆವಳುತ್ತಲೇ ಇತ್ತು. ಅನಂತಲಕ್ಷ್ಮಿ ಬಾಗಿಲಲ್ಲೇ ನಿಂತು ನೋಡಿದಳು. ಅಯ್ಯೋ ಶಿವನೇ, ಈಗ ಇದನ್ನು ಕಿತ್ತುಕೊಂಡರೆ ಈ ಹುಡುಗಿ ಇನ್ನೊಂದು ಪುಸ್ತಕ ಮುಟ್ಟುವುದುಂಟೇ!

ಶನಿವಾರ ಹೆಡ್‌ಮಾಸ್ತರು ಹುರಿ ಹಗ್ಗ ಹಿಡಿದೇ ಕ್ಲಾಸಿಗೆ ಬಂದರು. ಮೇಜಿನ ಮೇಲಿನ ಮೊದಲ ಪುಸ್ತಕದ ಕೊನೆಯ ಪುಟ ತೆರೆದರೆ ಚೀಟಿ: 'ಕೋತಿ ಮಾಡಿದ್ದೇ ಸರಿ.' ಎರಡನೆಯದು: 'ಕಳ್ಳ ಸಿಕ್ಕಿಬೀಳಬಾರದಿತ್ತು.'

"ಇದು ನೀತಿಯೇನಮ್ಮಾ?"

"ಅವರ ನೀತಿ ಸಾರ್. ಮುಂದೆ ಓದಿ."

ಮೂರನೆಯದು ಗೋಣು ಮುರಿದ ಅಕ್ಷರಗಳಲ್ಲಿತ್ತು: 'ದೆವ್ವಕ್ಕೆ ಯಾರೂ ಮುದ್ದೆ ಹಾಕಲಿಲ್ಲ. ಅದಕ್ಕೆ ಹೆದರಿಸಿತು.'

ಹೆಡ್‌ಮಾಸ್ತರು ಎರಡು ಸಲ ಓದಿದರು. "ಯಾರು ಬರೆದಿದ್ದು?"

ಬೋರಮ್ಮ ಎದ್ದು ನಿಂತಳು.

"ನೀನಾ! ಪುಸ್ತಕದಲ್ಲಿ ಎಲ್ಲಿದೆ ಇದು?"

"ಪುಸ್ತಕದಲ್ಲಿ ಇಲ್ಲ ಸಾರ್."

"ಮತ್ತೆ ಟೀಚರಮ್ಮ ಹೇಳ್ಕೊಟ್ರಾ?"

"ಯಾರೂ ಹೇಳ್ಕೊಡ್ಲಿಲ್ಲ. ಓದ್ದೆ, ನಂಗೇ ಅನ್ನಿಸ್ತು."

ಅಷ್ಟು ಹೇಳಿ ಸುಮ್ಮನಾಗಲಿಲ್ಲ ಹುಡುಗಿ. ಮೇಜಿನ ಹತ್ತಿರ ಬಂದು ಕೈ ಚಾಚಿದಳು. "ಪುಸ್ತಕ ಕೊಡಿ ಸಾರ್. ಇನ್ನೊಂದ್ಸಲ ಓದ್ಬೇಕು."

ಹೆಡ್‌ಮಾಸ್ತರು ಅನಂತಲಕ್ಷ್ಮಿಯ ಕಡೆ ನೋಡಿದರು. ಇಷ್ಟು ದಿನ ಎದುರಾಡಿದ ಆ ಹೆಂಗಸು ಈಗ ಬೋರಮ್ಮನನ್ನೇ ನೋಡುತ್ತಿದ್ದಳು. ಬೋರಮ್ಮ ಚಾಚಿದ ಕೈ ಹಿಂದಕ್ಕೆ ಹೋಗಲಿಲ್ಲ.

ವೆಂಕಟರಮಣಪ್ಪನವರು ಹುರಿ ಹಗ್ಗವನ್ನು ಜೇಬಿಗೆ ತುರುಕಿ ಪುಸ್ತಕ ಕೊಟ್ಟುಬಿಟ್ಟರು.