ಎರಡು ಕವರ್, ಎರಡು ಡಾಕ್ಟರ್

ಜಹನಾರಾಳ ಬೆರಳು ನೋಡಿದರೆ ನನ್ನ ಹೊಟ್ಟೆ ಉರಿಯುತ್ತದೆ. ನೆಟ್ಟಗಿವೆ. ಸೂಜಿಗೆ ದಾರ ಪೋಣಿಸುತ್ತವೆ. ನನ್ನ ಗಂಡ ಅಮೃತಪ್ಪನ ಬೆರಳು ಕೊನೆಯವರೆಗೂ ಮಡಚಿಕೊಂಡೇ ಇದ್ದವು.

ಇಬ್ಬರಿಗೂ ಒಂದೇ ಕಾಯಿಲೆ. ಮೈಮೇಲೆ ಹೊಟ್ಟಿನಂಥ ಬಿಳಿ ಪೊರೆ, ಕೀಲಿನಲ್ಲಿ ಬಾವು. ಹಲಸೂರಿನ ಈ ವಠಾರದಲ್ಲಿ ನಮ್ಮದು ಮೂರನೇ ರೂಮು, ಅವಳದು ನಾಲ್ಕನೆಯದು. ನಡುವೆ ನಲ್ಲಿ.

ಅವಳು ಹುಟ್ಟಿದ್ದು ಶಿವಾಜಿನಗರದಲ್ಲಿ. ಗಂಡ ಮುನಾವರ್ ಮಿಕ್ಸಿ ರಿಪೇರಿ ಮಾಡುತ್ತಾನೆ. ಅವಳು ಸೀರೆಗೆ ಫಾಲ್ಸ್ ಹೊಲಿಯುತ್ತಾಳೆ. ಎರಡನೇ ಮಗಳು ಹುಟ್ಟಿದ ಮೇಲೆ ಮೊಣಕೈ ಚರ್ಮ ಏಳತೊಡಗಿತು. ಅಂಟುರೋಗ ಎಂದು ಇಂದಿರಾನಗರದ ಹೆಂಗಸರು ಸೀರೆ ಕೊಡುವುದು ಬಿಟ್ಟರು. ಅವಳು ತುಂಬುತೋಳಿನ ರವಿಕೆ ಹಾಕಿಕೊಂಡು ಬೇರೆ ರಸ್ತೆಯಲ್ಲಿ ಗಿರಾಕಿ ಹುಡುಕಿದಳು. ಅತ್ತದ್ದು ನಾನು ನೋಡಿಲ್ಲ. ಚರ್ಮದ ಡಾಕ್ಟರು ವಾರಕ್ಕೆ ಒಂದೇ ದಿನ ನುಂಗುವ ಮಾತ್ರೆ ಬರೆದರು. ಆರು ತಿಂಗಳಲ್ಲಿ ಮೈ ತಿಳಿಯಾಯಿತು. ರಕ್ತ ಪರೀಕ್ಷೆಗೆ ಹೋಗುವಾಗ ಮುನಾವರ್ ಅವಳ ಚೀಲ ಹಿಡಿದು ಹಿಂದೆ ನಡೆಯುತ್ತಿದ್ದ. ಅದಕ್ಕೂ ಉರಿದುಕೊಂಡೆ.

ನಮ್ಮವರಿಗೂ ಅದೇ ಡಾಕ್ಟರು, ಅದೇ ಮಾತ್ರೆ. ಕೀಲು ನೋವು ಇಳಿಯಲಿಲ್ಲ. ಮೂಳೆ ಡಾಕ್ಟರ ಹತ್ತಿರ ಹೋದರು. ಹಳೇ ಚೀಟಿ ತೋರಿಸಲಿಲ್ಲ. “ಒಬ್ರ ಚೀಟಿ ಇನ್ನೊಬ್ರಿಗೆ ತೋರಿಸಿದ್ರ ಅವಮಾನ ಮಾಡ್ದಂಗ ಆಗ್ತದ” ಅಂದರು. ಸಿಂಧನೂರಿನಿಂದ ಗಾರೆ ಕೆಲಸಕ್ಕೆ ಬಂದವರು ನಾವು. ದೊಡ್ಡವರಿಗೆ ಬೇಜಾರಾಗಬಾರದು. ಹೊಸ ಚೀಟಿ, ಮಾತ್ರೆ ಬೇರೆ ಇಡಲು ಎರಡನೇ ಕವರ್ ತಂದುಕೊಟ್ಟವಳು ನಾನೇ.

ಮೂರನೇ ವಾರ ಬಾಯಿ ತುಂಬ ಹುಣ್ಣು. ಜ್ವರ. ಆಸ್ಪತ್ರೆಯಲ್ಲಿ ಎರಡೂ ಕವರ್ ಬಿಚ್ಚಿಸಿದರು. “ಎರಡೂ ಒಂದೇ ಮದ್ದಮ್ಮ, ಹೆಸರು ಮಾತ್ರ ಬೇರೆ. ರಕ್ತ ಹುಟ್ಟೋದೇ ನಿಂತಿದೆ” ಅಂದರು. ಒಂಬತ್ತನೇ ದಿನ ನಮ್ಮವರು ತೀರಿಹೋದರು. ವಠಾರದಲ್ಲಿ ಜ್ವರ ಬಂದು ಹೋದರು ಎಂದಷ್ಟೇ ಹೇಳಿದೆ.

ಈ ವರ್ಷ ಯುಗಾದಿ ಮುಗಿದ ಮೇಲೆ ಜಹನಾರಾಳ ಮಂಡಿ ಊದಿತು. ರಿಚರ್ಡ್ಸ್ ಟೌನಿನ ಕೀಲು ಡಾಕ್ಟರಿಗೆ ತೋರಿಸಿ ಬಂದಳು. ಭಾನುವಾರ ನಲ್ಲಿಯ ಹತ್ತಿರ ಸಿಕ್ಕಳು.

“ಮಾನಮ್ಮಕ್ಕಾ, ಒಂದು ಕವರ್ ಇದ್ರೆ ಕೊಡಿ. ಹೊಸ ಡಾಕ್ಟರ್ ಚೀಟಿ ಬೇರೆ ಇಡ್ಬೇಕು.”

“ಹಳೇ ಡಾಕ್ಟರಿಗೆ ತೋರ್ಸಲ್ವಾ?”

“ತೌಬಾ! ಮೈ ವಾಸಿ ಮಾಡಿದ ಮನುಷ್ಯ. ಇನ್ನೊಬ್ರ ಹತ್ರ ಹೋದೆ ಅಂದ್ರೆ ಬೇಜಾರಾಗಲ್ವಾ? ಈ ಹೊಸಬ್ರಿಗೂ ಹೇಳಿಲ್ಲ. ಗುರುವಾರದಿಂದ ಮಾತ್ರೆ ಶುರು.”

ಕವರ್ ಕೊಟ್ಟೆ. ಬಾಯಿ ಬಿಡಲಿಲ್ಲ. ಅವಳ ಮನೆಯಲ್ಲೂ ಒಂದು ಹಾಸಿಗೆ ಖಾಲಿಯಾಗಲಿ ಅನ್ನಿಸಿತು. ಸುಳ್ಳು ಯಾಕೆ ಹೇಳಲಿ. ಮೂರು ದಿನ ಹಾಗೇ ಅನ್ನಿಸಿತು.

ಬುಧವಾರ ಬೆಳಿಗ್ಗೆ ನಲ್ಲಿಯಲ್ಲಿ ಮುನಾವರ್ ನೀರು ಹಿಡಿಯುತ್ತಿದ್ದ.

“ನಿಮ್ಮ ಕೊಡನೂ ಇಡಿ ಅಕ್ಕಾ. ಬೇಗಂ ಡ್ಯೂಟಿ ಈಗ ನಂದೇ.”

ಒಳಗಿನಿಂದ ಅವಳು ಕೂಗಿದಳು: “ಅರ್ಧ ಚೆಲ್ತಾರೆ ಅಕ್ಕಾ! ಮಿಕ್ಸಿ ಬಿಟ್ರೆ ಇವ್ರಿಗೆ ಏನೂ ಬರಲ್ಲ.”

ನಮ್ಮವರೂ ಅರ್ಧ ಚೆಲ್ಲುತ್ತಿದ್ದರು. ಕೊಡ ಅಲ್ಲೇ ಬಿಟ್ಟು ಅವಳ ಬಾಗಿಲಿಗೆ ಹೋದೆ.

“ಆ ಮಾತ್ರೆ ನುಂಗಬ್ಯಾಡ. ನಮ್ಮೋರು ಬರೀ ಜ್ವರಕ್ಕೆ ಹೋಗಿಲ್ಲ.” ಎಲ್ಲ ಹೇಳಿದೆ. ಮುನಾವರ್ ನಲ್ಲಿ ನಿಲ್ಲಿಸುವುದನ್ನೇ ಮರೆತ.

ಗುರುವಾರ ಮೂವರೂ ಚರ್ಮದ ಡಾಕ್ಟರ ಹತ್ತಿರ ಹೋದೆವು. ಜಹನಾರಾ ಕವರ್ ತೆಗೆಯಲು ಹಿಂಜರಿದಳು. ನಾನೇ ಕಿತ್ತುಕೊಂಡು ಎರಡನ್ನೂ ಮೇಜಿನ ಮೇಲಿಟ್ಟೆ. ಅವರಿಗೆ ಬೇಜಾರಾಗಲಿಲ್ಲ.

“ಈ ಹೊಸದು ಬೇರೆ ಮದ್ದು. ಎರಡನ್ನೂ ಜೊತೆಗೆ ಕೊಡೋದುಂಟು. ಆದ್ರೆ ಎಷ್ಟು ಕೊಡ್ಬೇಕು ಅಂತ ನಾವಿಬ್ರೂ ಸೇರಿ ನೋಡ್ಬೇಕು. ಎರಡೂ ಲಿವರ್ ಮೇಲೆ ಬೀಳುತ್ತೆ, ರಕ್ತ ಇಳಿಸುತ್ತೆ. ಎರಡು ವಾರಕ್ಕೊಮ್ಮೆ ಪರೀಕ್ಷೆ. ಜ್ವರ, ಬಾಯಿ ಹುಣ್ಣು ಬಂದ್ರೆ ಅವತ್ತೇ ಬನ್ನಿ.”

ಆಮೇಲೆ ರಿಚರ್ಡ್ಸ್ ಟೌನಿನ ಡಾಕ್ಟರಿಗೆ ಫೋನ್ ಮಾಡಿದರು. ಇಂಗ್ಲಿಷಿನಲ್ಲಿ ಮಾತಾಡಿದರು, ನಡುವೆ ನಕ್ಕರು. ಎರಡು ನಿಮಿಷ ಆಗಿರಬಹುದು.

ಜಹನಾರಾ ನನ್ನ ಕೈ ಹಿಡಿದಳು. “ಇಷ್ಟೇನಾ ಅಕ್ಕಾ?”

ನಾನು ಕೈ ಬಿಡಿಸಿಕೊಂಡೆ. ಅವಳು ಬದುಕಲಿ. ಆದರೆ ಆ ಎರಡು ನಿಮಿಷದ ಫೋನು ಅವಳಿಗೆ ಸಿಕ್ಕಿತು, ನಮ್ಮವರಿಗೆ ಸಿಗಲಿಲ್ಲ. ಅದಕ್ಕೆ ಇವತ್ತಿಗೂ ಉರಿಯುತ್ತದೆ.