ಕೋಟೆಗೋಡೆಯ ಮೇಲಿಟ್ಟ ಎಲೆ

ದೆವ್ವ, ಪಿತೃ, ಕಾಗೆ ಇವನ್ನೆಲ್ಲ ನಂಬಿದವಳಲ್ಲ ನಾನು. ಸತ್ತವರು ಬಂದು ಉಣ್ಣುತ್ತಾರೆ ಎಂದು ಯಾರಾದರೂ ಹೇಳಿದರೆ, ಬದುಕಿದ್ದಾಗ ಹೊಟ್ಟೆ ತುಂಬ ಬಡಿಸಿದ್ದಿರಾ ಎಂದು ಕೇಳುವ ಬಾಯಿ ನನ್ನದು. ಈಗಲೂ ನಂಬುತ್ತೇನೆಂದು ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನೀವೇ ಯೋಚಿಸಿ.

ತೊಂಬತ್ತರ ದಶಕದ ಕೊನೆ. ನನ್ನ ಗಂಡ ಲಂಡನ್ನಿನ ಸೌತ್‌ಹಾಲ್‌ನಲ್ಲಿ ತಮ್ಮ ಅಣ್ಣನ, ಅಂದರೆ ನನ್ನ ಭಾವನ, ಹೋಟೆಲಿನಲ್ಲೇ ಅಡುಗೆಯವರಾಗಿದ್ದರು. ಕುಂದಾಪುರದಲ್ಲಿ ಅತ್ತೆ ಹಾಸಿಗೆ ಹಿಡಿದು ಇವರ ಹೆಸರನ್ನೇ ಕರೆಯುತ್ತಿದ್ದರು. ರಜೆ ಕೇಳಿದರೆ ಭಾವ, "ಕ್ರಿಸ್‌ಮಸ್ ರಶ್ ಮುಗೀಲಿ" ಎಂದರು. ರಶ್ ಮುಗಿಯುವ ಮೊದಲೇ ಅತ್ತೆ ಹೋದರು. ಆಮೇಲೆ ಇವರು ಸರಿಯಾಗಿ ಉಣ್ಣಲೇ ಇಲ್ಲ. ಬೇಸಗೆಯ ಒಂದು ಮಧ್ಯಾಹ್ನ ಅದೇ ಅಡುಗೆಮನೆಯಲ್ಲಿ ಎದೆ ಹಿಡಿದುಕೊಂಡು ಕುಸಿದವರು ಮತ್ತೆ ಏಳಲಿಲ್ಲ. ಭಾವನನ್ನು ನಾನು ಕ್ಷಮಿಸಲಿಲ್ಲ.

ಸಮುದ್ರತೀರದಲ್ಲಿ ಪಿಂಡ ಇಡಿ ಎಂದು ಊರಿನ ಭಟ್ಟರು ಫೋನಿನಲ್ಲಿ ಹೇಳಿದರು. ಜನರಿರುವ ಬೀಚಿನಲ್ಲಿ ಕೌನ್ಸಿಲ್‌ನವರು ತಕರಾರು ತೆಗೆಯುತ್ತಾರೆಂದು ಭಾವ ಲಂಡನ್ ದಾಟಿ ಎಸೆಕ್ಸ್ ಕಡೆ ವ್ಯಾನ್ ಓಡಿಸಿದರು. ಹೆಂಗಸರು ಬರುವ ಪದ್ಧತಿಯಿಲ್ಲವೆಂದರೂ ನಾನು ಹಟಹಿಡಿದು ಹತ್ತಿದೆ. ಅಲ್ಲಿ ಹಿಂದೆ ರೋಮನ್ ಸಿಪಾಯಿಗಳು ಕಡಲು ಕಾಯುತ್ತಿದ್ದ ಕೋಟೆಯಿತ್ತಂತೆ. ಅವರು ಬಿಟ್ಟುಹೋದ ಮೇಲೆ ಕ್ರೈಸ್ತ ಸನ್ಯಾಸಿಗಳು ದೋಣಿಯಲ್ಲಿ ಬಂದು ಅದೇ ಕಲ್ಲುಗಳಿಂದ ಮಠ ಕಟ್ಟಿಕೊಂಡರಂತೆ. ಈಗ ಉಳಿದಿರುವುದು ಕೋಟೆಬಾಗಿಲಿನ ಜಾಗದಲ್ಲಿ ನಿಂತ ಒಂದು ಪುಟ್ಟ ಇಗರ್ಜಿ, ಮುಳ್ಳುಪೊದೆಯ ನಡುವೆ ಒಂದು ತುಂಡು ಗೋಡೆ. ಸುತ್ತ ಕೆಸರು, ಸಮುದ್ರ. ನರಪಿಳ್ಳೆಯಿಲ್ಲ.

ಮುರುಕು ಗೋಡೆಯ ಮೇಲೆ ಬಾಳೆಲೆ ಹಾಸಿ, ಹಾರದಂತೆ ಮೂಲೆಗಳಿಗೆ ಕಲ್ಲಿಟ್ಟು ಅನ್ನ ಬಡಿಸಿದೆವು. ಪೊದೆಯ ತುಂಬ ಕಾಗೆಗಳಿದ್ದವು, ಒಂದೂ ಇಳಿಯಲಿಲ್ಲ. ಕಾಗೆ ಮುಟ್ಟದಿದ್ದರೆ ಸತ್ತವರಿಗೆ ಏನೋ ಕೊರಗಿದೆ ಎಂದರ್ಥ, ಅದನ್ನು ಬಾಯಿಬಿಟ್ಟು ಒಪ್ಪಿಕೊಳ್ಳಬೇಕು. ಭಾವ ಕೈಮುಗಿದರು.

"ತಮಾ, ನಂದ್ ತಪ್ಪಾಯ್ತ್ ಮಾರಾಯಾ. ಅಮ್ಮನ್ ಕಾಂಬುಕೆ ನಿನ್ನ ಕಳ್ಸ್ಕಿತ್ತ್. ಉಣ್ಣ್, ನಿನ್ ಕಾಲ್ ಹಿಡಿತೆ."

ಕಾಗೆಗಳು ಕದಲಲಿಲ್ಲ. ನಿಜ ಹೇಳುತ್ತೇನೆ, ನನಗೆ ಸಂತೋಷವಾಯಿತು. ಇವರು ಸತ್ತ ಮೇಲಾದರೂ ಅಣ್ಣನಿಗೆ ಇಲ್ಲ ಎಂದರಲ್ಲ ಎನಿಸಿತು.

ಗಾಳಿಗೆ ಮೈ ನಡುಗತೊಡಗಿ ಇಬ್ಬರೂ ಇಗರ್ಜಿಯೊಳಗೆ ಸ್ವಲ್ಪ ಹೊತ್ತು ಕುಳಿತೆವು. ಹೊರಗೆ ಬಂದಾಗ ಕಾಗೆಗಳು ಕೂತಲ್ಲೇ ಇದ್ದವು. ಎಲೆಯ ಮೇಲಿದ್ದ ಕಲ್ಲುಗಳನ್ನು ಯಾರೋ ತೆಗೆದು ಒಂದೆಡೆ ಇಟ್ಟಿದ್ದರು. ಉಂಡವರು ಏಳುವ ಮುಂಚೆ ಮಡಿಸುತ್ತಾರಲ್ಲ, ಹಾಗೆ ಎಲೆಯನ್ನು ಸರಿಯಾಗಿ ನಡುವಿಗೆ ಮಡಿಸಿದ್ದರು. ಬಿಚ್ಚಿ ನೋಡಿದೆ. ಅಗುಳೊಂದೂ ಇರಲಿಲ್ಲ.

ಭಾವ ಅಲ್ಲೇ ಕುಕ್ಕರಿಸಿ ಅತ್ತುಬಿಟ್ಟರು. "ಕಂಡ್ಯಾ ಮಾರಾಯ್ತಿ? ತಮ್ಮ ಉಂಡ. ನನ್ ಮೇಲಿನ್ ಸಿಟ್ಟ್ ಬಿಟ್ಟ." ವಾಪಸು ಬರುವಾಗ ದಾರಿಯಲ್ಲಿ ವ್ಯಾನ್ ನಿಲ್ಲಿಸಿ ಚಿಪ್ಸ್ ತಿಂದರು. ಅಂದಿನಿಂದ ಹಾಯಾಗಿದ್ದಾರೆ.

ಗಾಳಿ ಎನ್ನೋಣವೆಂದರೆ ಕಲ್ಲು ಎತ್ತಿಡುವ ಗಾಳಿ ಯಾವುದು? ಮನೆಮಾರು ಬಿಟ್ಟು ಬಂದು ಆ ಕೋಟೆಯಲ್ಲಿ ಸತ್ತ ಸಿಪಾಯಿಯೋ ಸನ್ಯಾಸಿಯೋ ಹಸಿದು ಉಂಡಿರಲಿ ಎಂದು ಎಷ್ಟೋ ಸಲ ಬೇಡಿಕೊಂಡಿದ್ದೇನೆ. ಆದರೆ ಬಾಳೆಲೆ ಮಡಿಸುವುದನ್ನು ಅವರಿಗೆ ಯಾರು ಕಲಿಸಿದರು? ಉಂಡವರು ನನ್ನ ಗಂಡನೇ ಆಗಿದ್ದರೆ, ಅಣ್ಣನನ್ನು ಕ್ಷಮಿಸುವ ಮೊದಲು ನನ್ನನ್ನೊಂದು ಮಾತು ಕೇಳಬಹುದಿತ್ತು. ನಾನು ಅಲ್ಲೇ, ಇಗರ್ಜಿಯ ಬಾಗಿಲ ಒಳಗೇ ಇದ್ದೆ.